ಮಂಚದಡಿಯ ಮರಿ ಮತ್ತು ಸ್ಕಿನ್ನರ್ ಮೇಷ್ಟ್ರು

ಟಿಇಟಿಗೆ ಓದುವಾಗ ಬಿ.ಎಫ್. ಸ್ಕಿನ್ನರ್ ನನ್ನ ಪಾಲಿಗೆ ಒಂದು ಅಂಕದ ಪ್ರಶ್ನೆಯಾಗಿದ್ದರು, ಅಷ್ಟೇ. ಪಾವ್ಲೋವ್ ಎಂದರೆ ನಾಯಿ, ಥಾರ್ನ್‌ಡೈಕ್ ಎಂದರೆ ಬೆಕ್ಕು, ಕೊಹ್ಲರ್ ಎಂದರೆ ಚಿಂಪಾಂಜಿ, ಸ್ಕಿನ್ನರ್ ಎಂದರೆ ಇಲಿ ಮತ್ತು ಪಾರಿವಾಳ. ಹೀಗೆ ಜೋಡಿಸಿಕೊಂಡು ಬಾಯಿಪಾಠ ಮಾಡಿದರೆ ಹೊಂದಿಸಿ ಬರೆಯುವ ಪ್ರಶ್ನೆಗೆ ಸಾಕು. ಆ ಹೆಸರಿನ ಹಿಂದೆ ನನ್ನ ಹಾಗೆಯೇ ದಾರಿ ಕಾಣದೆ ಮನೆಯಲ್ಲಿ ಕೂತಿದ್ದ ಒಬ್ಬ ಹುಡುಗ ಇದ್ದ ಎಂದು ತಿಳಿದದ್ದು ನಮ್ಮ ಮನೆಗೆ ಕೆಂಚ ಬಂದ ಮೇಲೆ.

ಕೆಂಚ ಎರಡು ತಿಂಗಳ ಬೀದಿ ನಾಯಿಮರಿ. ಮಳೆಯಲ್ಲಿ ನೆನೆಯುತ್ತಿದ್ದುದನ್ನು ತಮ್ಮ ಎತ್ತಿಕೊಂಡು ಬಂದ. ಅವನು ಕಾಲೇಜಿಗೆ ಹೋಗುತ್ತಾನೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗುತ್ತಾರೆ. ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇರುವವನು ನಾನು, ಹಾಗಾಗಿ ಮರಿಯ ಉಸ್ತುವಾರಿ ನನ್ನ ತಲೆಗೆ ಬಂತು. ಅದು ಹಾಲ್‌ನಲ್ಲಿ ಉಚ್ಚೆ ಹೊಯ್ಯುತ್ತಿತ್ತು, ಚಪ್ಪಲಿ ಕಡಿಯುತ್ತಿತ್ತು, ಕೈ ಕೊಟ್ಟರೆ ಸೂಜಿಯಂಥ ಹಲ್ಲು ಊರುತ್ತಿತ್ತು. ಅಕ್ಕಪಕ್ಕದವರೆಲ್ಲ ಒಂದೇ ಮದ್ದು ಹೇಳಿದರು. ಉಚ್ಚೆ ಮಾಡಿದ ಜಾಗಕ್ಕೆ ಮೂತಿ ಒತ್ತಬೇಕು, ಪೇಪರ್ ಸುತ್ತಿ ಎರಡು ಬಾರಿಸಬೇಕು, ಮರಿ ಇದ್ದಾಗಲೇ ಭಯ ಹುಟ್ಟಿಸಬೇಕು. ನಾನು ಹಾಗೆಯೇ ಮಾಡಿದೆ.

ಎರಡು ವಾರದಲ್ಲಿ ಕೆಂಚ ಕಲಿತ. ನನ್ನ ಕಣ್ಣೆದುರು ಉಚ್ಚೆ ಮಾಡುವುದು ನಿಂತಿತು. ಅಕ್ಕಿ ಡ್ರಮ್ಮಿನ ಹಿಂದೆ ಶುರುವಾಯಿತು. ಒಂದು ಸಂಜೆ ನಾನು ಓದಲೆಂದೇ ಪೇಪರ್ ಮಡಿಚಿ ಹಿಡಿದು ಒಳಗೆ ಬಂದೆ. ಮರಿ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ತೆವಳುತ್ತಾ ಮಂಚದಡಿ ಸೇರಿತು. ಮಲಗಿದಲ್ಲೇ ಹೆದರಿ ಉಚ್ಚೆ ಮಾಡಿಕೊಂಡಿತು. ನಾನು ಬೈದಿರಲಿಲ್ಲ, ಹೊಡೆದಿರಲಿಲ್ಲ. ನಾನು ಬಂದಿದ್ದೆ, ಅಷ್ಟೇ.

ಆ ರಾತ್ರಿ ನೋಟ್ಸ್ ತಿರುವುವಾಗ ಶಿಕ್ಷೆಯನ್ನು ಸ್ಕಿನ್ನರ್ ವಿರೋಧಿಸಿದ್ದರು ಎಂಬ ಸಾಲು ಕಣ್ಣಿಗೆ ಬಿತ್ತು. ಎಷ್ಟೋ ಸಲ ಓದಿದ ಸಾಲೇ. ಅಂದು ಮಾತ್ರ ಅಲ್ಲೇ ನಿಂತೆ. ಪರೀಕ್ಷೆಗೆ ಬೇಡದ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಹುಡುಕಿ ಅವರ ಬದುಕನ್ನು ಓದತೊಡಗಿದೆ.

ಬರ್ರಸ್ ಫ್ರೆಡರಿಕ್ ಸ್ಕಿನ್ನರ್ ಹುಟ್ಟಿದ್ದು 1904ರ ಮಾರ್ಚ್ 20ರಂದು, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸಸ್ಕ್ವೆಹನ್ನ ಎಂಬ ಪುಟ್ಟ ರೈಲ್ವೆ ಊರಿನಲ್ಲಿ. ತಂದೆ ವಕೀಲರು. ಮನೆಯಲ್ಲಿ ಹೊಡೆತ ಇರಲಿಲ್ಲ, ಆದರೆ ಹೆದರಿಸುವಿಕೆ ಇತ್ತು. ಕೆಟ್ಟ ದಾರಿ ಹಿಡಿದರೆ ಏನಾಗುತ್ತದೆ ಎಂದು ತೋರಿಸಲು ತಂದೆ ಮಗನನ್ನು ಜೈಲು ನೋಡಲು ಕರೆದುಕೊಂಡು ಹೋಗಿದ್ದರು. ಸುಳ್ಳು ಹೇಳುವವರಿಗೆ ನರಕ ಹೇಗಿರುತ್ತದೆ ಎಂದು ಅಜ್ಜಿ ಒಲೆಯ ನಿಗಿನಿಗಿ ಕೆಂಡ ತೋರಿಸಿದ್ದರು. ಕೆಟ್ಟ ಮಾತು ಆಡಿದಾಗ ತಾಯಿ ಒಮ್ಮೆ ಸೋಪು ಹಾಕಿ ಬಾಯಿ ತೊಳೆದಿದ್ದರು. ದೊಡ್ಡವರಾದ ಮೇಲೂ ಸ್ಕಿನ್ನರ್ ಇವನ್ನೆಲ್ಲ ಮರೆಯಲಿಲ್ಲ. ತಮ್ಮ ಆತ್ಮಕಥನದಲ್ಲಿ ಒಂದೊಂದನ್ನೂ ದಾಖಲಿಸಿದ್ದಾರೆ.

ಹುಡುಗನಿಗೆ ಏನಾದರೂ ಕಟ್ಟುವ ಹುಚ್ಚು. ಗೆಳೆಯನ ಜೊತೆ ಕಾಡುಹಣ್ಣು ಕಿತ್ತು ಮನೆಮನೆಗೆ ಮಾರುವಾಗ, ಮಾಗಿದ ಹಣ್ಣನ್ನೂ ಕಾಯಿಯನ್ನೂ ನೀರಿನ ಹರಿವಿನಲ್ಲಿ ಬೇರ್ಪಡಿಸುವ ಸಾಧನ ಮಾಡಿದ್ದ. ರಾತ್ರಿ ಉಡುಪನ್ನು ಗೂಟಕ್ಕೆ ನೇತುಹಾಕಲು ಮರೆಯುತ್ತಾನೆಂದು ತಾಯಿ ದಿನಾ ಗೊಣಗುತ್ತಿದ್ದರು. ಅದಕ್ಕೂ ಒಂದು ಉಪಾಯ ಹೂಡಿದ. ಗೂಟ ಖಾಲಿ ಇದ್ದರೆ ದಾರವೊಂದು ಬಾಗಿಲ ಬಳಿ ನೆನಪಿನ ಫಲಕವನ್ನು ಇಳಿಬಿಡುತ್ತಿತ್ತು. ಉಡುಪು ನೇತುಹಾಕಿದರೆ ಫಲಕ ಮೇಲೆ ಸರಿಯುತ್ತಿತ್ತು. ಬೈಗುಳದಿಂದ ಆಗದ್ದು ಪರಿಸರವನ್ನು ಬದಲಿಸಿದರೆ ಆಗುತ್ತದೆ ಎಂಬ ಯೋಚನೆಯ ಮೊಳಕೆ ಅಲ್ಲಿ ಕಾಣುತ್ತದೆ.

ಅವರಿಗೆ ವಿಜ್ಞಾನಿಯಾಗುವ ಆಸೆ ಇರಲಿಲ್ಲ. ಆಗಬೇಕೆಂದಿದ್ದದ್ದು ಸಾಹಿತಿ. ಹ್ಯಾಮಿಲ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಕವಿ ರಾಬರ್ಟ್ ಫ್ರಾಸ್ಟ್ ಅವರ ಕಥೆಗಳನ್ನು ಓದಿ ಮೆಚ್ಚಿ ಪತ್ರ ಬರೆದರು. ಇನ್ನೇನು ಬೇಕು? 1926ರಲ್ಲಿ ಪದವಿ ಮುಗಿದದ್ದೇ ಒಂದು ವರ್ಷ ಬರೆದು ನೋಡುತ್ತೇನೆಂದು ತಂದೆಯನ್ನು ಒಪ್ಪಿಸಿ, ಸ್ಕ್ರಾಂಟನ್ ನಗರದಲ್ಲಿದ್ದ ಮನೆಯ ಅಟ್ಟದಲ್ಲಿ ಬರವಣಿಗೆಯ ಕೋಣೆ ಮಾಡಿಕೊಂಡರು. ಬರೆಯಲಾಗಲಿಲ್ಲ. ಪುಸ್ತಕದ ಕಪಾಟು ಮಾಡಿದರು, ಹಡಗಿನ ಮಾದರಿ ಕಟ್ಟಿದರು, ಪಿಯಾನೊ ನುಡಿಸಿದರು, ರೇಡಿಯೊ ಕೇಳಿದರು. ಕಾದಂಬರಿ ಮಾತ್ರ ಹುಟ್ಟಲಿಲ್ಲ. ಹೇಳಲು ತನ್ನ ಬಳಿ ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಆ ಅವಧಿಯನ್ನು ತಮ್ಮ ಕತ್ತಲೆಯ ವರ್ಷ ಎಂದು ಮುಂದೆ ಕರೆದುಕೊಂಡರು. ಕೈಕಾಸಿಗಾಗಿ ಮಾಡಿದ ಕೆಲಸವೆಂದರೆ ಕಲ್ಲಿದ್ದಲು ಗಣಿಗಳ ಕಾರ್ಮಿಕ ವ್ಯಾಜ್ಯಗಳ ತೀರ್ಪುಗಳಿಗೆ ಸಾರಾಂಶ ಬರೆದದ್ದು.

ಪದವಿ ಮುಗಿಸಿ ಮನೆಯಲ್ಲಿ ಕೂತವರಿಗೆ ಈ ಭಾಗ ವಿವರಿಸಿ ಹೇಳಬೇಕಿಲ್ಲ. ಊಟಕ್ಕೆ ಕರೆದಾಗ ತಲೆ ತಗ್ಗಿಸಿಕೊಂಡು ಹೋಗುವುದು, ನೆಂಟರು ಬಂದರೆ ಕೋಣೆ ಸೇರುವುದು ನಮಗೆಲ್ಲ ಗೊತ್ತು. ಮೊದಲ ಸಲ ಟಿಇಟಿಯಲ್ಲಿ ಅಂಕ ಸಾಲದೆ ಹೋದಾಗ ನಾನೂ ಬೈದುಕೊಂಡಿದ್ದು ನನ್ನನ್ನೇ. ಬೈದುಕೊಂಡಷ್ಟೂ ಪುಸ್ತಕದ ಹತ್ತಿರ ಹೋಗಲು ಮನಸ್ಸು ಬರುತ್ತಿರಲಿಲ್ಲ.

ಆ ಬೇಸರದ ದಿನಗಳಲ್ಲೇ ಸ್ಕಿನ್ನರ್ ಬರ್ಟ್ರಂಡ್ ರಸೆಲ್, ವಾಟ್ಸನ್, ಪಾವ್ಲೋವ್ ಅವರನ್ನು ಓದಿದರು. ಮನುಷ್ಯರನ್ನು ಕಥೆಯಲ್ಲಿ ಹಿಡಿಯಲಾಗದಿದ್ದರೆ ವಿಜ್ಞಾನದಲ್ಲಿ ಹಿಡಿಯಬಹುದೇ ಎಂಬ ಕುತೂಹಲ ಹುಟ್ಟಿತು. 1928ರಲ್ಲಿ, 24ನೇ ವಯಸ್ಸಿನಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಕ್ಕೆ ಸೇರಿದರು. 1931ರಲ್ಲಿ ಪಿಎಚ್.ಡಿ. ಪಡೆದರು.

ಬಾಲ್ಯದ ಬಡಗಿತನ ಅಲ್ಲಿ ಕೆಲಸಕ್ಕೆ ಬಂತು. ಇಲಿಗಳಿಗಾಗಿ ಅವರು ತಾವೇ ಪೆಟ್ಟಿಗೆ ಕಟ್ಟಿದರು. ಒಳಗೆ ಒಂದು ಸನ್ನೆ. ಇಲಿ ಅದನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ. ಎಷ್ಟು ಸಲ, ಎಷ್ಟು ಬೇಗ ಒತ್ತಿತು ಎಂಬುದು ಸುರುಳಿ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಪಾವ್ಲೋವ್ ಅವರ ನಾಯಿ ಗಂಟೆ ಕೇಳಿ ಜೊಲ್ಲು ಸುರಿಸಿತು. ಅಲ್ಲಿ ಪ್ರಚೋದನೆ ಮೊದಲು, ಪ್ರತಿಕ್ರಿಯೆ ಆಮೇಲೆ. ಸ್ಕಿನ್ನರ್ ನೋಡಿದ್ದು ಪ್ರಾಣಿ ತಾನಾಗಿ ಮಾಡಿದ ಕ್ರಿಯೆಯ ನಂತರ ಏನಾಗುತ್ತದೆ ಎಂಬುದನ್ನು. ಒಳ್ಳೆಯ ಫಲ ಸಿಕ್ಕ ಕ್ರಿಯೆ ಮರುಕಳಿಸುತ್ತದೆ. ನಮ್ಮ ಪಠ್ಯದಲ್ಲಿ ಇದನ್ನೇ ಪುನರ್ಬಲನ ಎನ್ನುತ್ತಾರೆ.

ಒಂದು ಆವಿಷ್ಕಾರ ಬಡತನದಿಂದಲೇ ಆಯಿತು. ಗುಳಿಗೆಗಳನ್ನು ಅವರೇ ಕೈಯಾರೆ ಮಾಡಬೇಕಿತ್ತು. ಒಂದು ಶನಿವಾರ ದಾಸ್ತಾನು ಮುಗಿಯುತ್ತಾ ಬಂದಾಗ, ಪ್ರತಿ ಸಲವೂ ಕೊಡುವ ಬದಲು ನಿಮಿಷಕ್ಕೊಮ್ಮೆ ಮಾತ್ರ ಕೊಡಲು ನಿರ್ಧರಿಸಿದರು. ಇಲಿಗಳು ಸನ್ನೆ ಒತ್ತುವುದನ್ನು ಬಿಡಲಿಲ್ಲ. ಆಗಾಗ ಸಿಗುವ ಬಹುಮಾನದಿಂದ ಬೆಳೆದ ಅಭ್ಯಾಸ ಇನ್ನೂ ಗಟ್ಟಿ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಜೀವನಪೂರ್ತಿ ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ನಾಯಿಯ ಹಿಂದೆ ಓಡಾಡಬೇಕೇ ಎಂದು ಕೇಳುವವರಿಗೆ ಇದೇ ಉತ್ತರ. ಕಲಿಯುವಾಗ ಪ್ರತಿ ಸಲ, ಕಲಿತ ಮೇಲೆ ಆಗೊಮ್ಮೆ ಈಗೊಮ್ಮೆ.

ನನ್ನನ್ನು ಹೆಚ್ಚು ತಟ್ಟಿದ್ದು 1938ರಲ್ಲಿ ಪ್ರಕಟವಾದ ಅವರ ಮೊದಲ ಮುಖ್ಯ ಗ್ರಂಥದ ಒಂದು ಪ್ರಯೋಗ. ಸನ್ನೆ ಒತ್ತಲು ಕಲಿತ ಇಲಿಗಳಿಗೆ ಆಹಾರ ನಿಲ್ಲಿಸಲಾಯಿತು. ಕೆಲವಕ್ಕೆ ಆರಂಭದಲ್ಲಿ, ಒತ್ತಿದಾಗಲೆಲ್ಲ ಸನ್ನೆಯೇ ಪಾದಕ್ಕೆ ಪಟ್ಟೆಂದು ಬಡಿಯುವಂತೆ ಮಾಡಲಾಯಿತು. ಪೆಟ್ಟು ತಿಂದವು ತಟ್ಟನೆ ನಿಲ್ಲಿಸಿದವು. ಶಿಕ್ಷೆ ಫಲಿಸಿತು ಅನ್ನಿಸುವುದು ಇಲ್ಲೇ. ಆದರೆ ಪೆಟ್ಟು ನಿಂತ ಮೇಲೆ ಅವು ಮತ್ತೆ ಒತ್ತತೊಡಗಿದವು. ಕೊನೆಗೆ ಲೆಕ್ಕ ಹಾಕಿದರೆ ಪೆಟ್ಟು ತಿಂದ ಇಲಿಗಳೂ ತಿನ್ನದವೂ ಸರಿಸುಮಾರು ಅಷ್ಟೇ ಸಲ ಒತ್ತಿದ್ದವು. ಜೋರಾದ ಶಿಕ್ಷೆ ಹೆಚ್ಚು ಕಾಲ ತಡೆಯಬಲ್ಲದು ಎಂದು ಮುಂದಿನ ಸಂಶೋಧಕರು ತೋರಿಸಿದ್ದೂ ನಿಜ. ಆದರೆ ಸ್ಕಿನ್ನರ್ ಎತ್ತಿದ ಆಕ್ಷೇಪ ಹಾಗೇ ಉಳಿಯಿತು. ಏನು ಮಾಡಬಾರದು ಎಂದು ಹೇಳುವ ಶಿಕ್ಷೆ ಏನು ಮಾಡಬೇಕು ಎಂದು ಹೇಳಿಕೊಡುವುದಿಲ್ಲ. ಭಯ, ಸಿಟ್ಟು, ತಪ್ಪಿಸಿಕೊಳ್ಳುವ ಚಾಳಿಗಳನ್ನು ಜೊತೆಗೆ ತರುತ್ತದೆ. ಅಕ್ಕಿ ಡ್ರಮ್ಮಿನ ಹಿಂದೆ ನಾನು ಕಂಡದ್ದು ಅದನ್ನೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಕಿನ್ನರ್ ಮಿನ್ನೆಸೊಟ ವಿಶ್ವವಿದ್ಯಾಲಯದಲ್ಲಿದ್ದರು. ಬಾಂಬನ್ನು ಗುರಿಯತ್ತ ನಡೆಸಲು ಪಾರಿವಾಳಗಳಿಗೆ ತರಬೇತಿ ಕೊಡುವ ಯೋಜನೆ ಹಾಕಿದರು. ಪಾರಿವಾಳಗಳು ಕಲಿತವು, ಆದರೆ ಸರ್ಕಾರ ನಂಬಲಿಲ್ಲ. ಕೊಲ್ಲುವ ಯಂತ್ರಕ್ಕೆ ಹಕ್ಕಿಯನ್ನು ಹೂಡುವ ಆ ಯೋಜನೆ ಕೈಗೂಡದಿದ್ದದ್ದೇ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. 1943ರಲ್ಲಿ ಮಿನ್ನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮೇಲ್ಮಹಡಿಯಲ್ಲಿ ಸರ್ಕಾರದ ಉತ್ತರಕ್ಕಾಗಿ ಕಾಯುತ್ತಾ ಕೂತಿದ್ದಾಗ, ಅವರೂ ಶಿಷ್ಯರಾದ ಕೆಲ್ಲರ್ ಬ್ರೆಲಂಡ್ ಮತ್ತು ನಾರ್ಮನ್ ಗಟ್‌ಮನ್ ಅವರೂ ಹೊತ್ತು ಕಳೆಯಲು ಪಾರಿವಾಳಕ್ಕೆ ಚೆಂಡಾಟ ಕಲಿಸಲು ಹೊರಟರು. ಹಕ್ಕಿ ಕೊಕ್ಕಿನಿಂದ ಮರದ ಚೆಂಡನ್ನು ತಳ್ಳಿದರೆ ಕಾಳು ಕೊಡುವುದೆಂದು ಕಾದರು. ಹಕ್ಕಿ ಏನೂ ಮಾಡಲಿಲ್ಲ. ಕಾದು ಬೇಸತ್ತು, ಅದು ಚೆಂಡಿನತ್ತ ನೋಡಿದರೂ ಸಾಕೆಂದು ಕಾಳು ಕೊಟ್ಟರು. ಆಮೇಲೆ ಹತ್ತಿರ ಹೋದರೆ, ಆಮೇಲೆ ಕೊಕ್ಕು ತಾಗಿದರೆ. ಕೆಲವೇ ನಿಮಿಷಗಳಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗೆ ಬಡಿದು ಪುಟಿಯುತ್ತಿತ್ತು. ಪೂರ್ತಿ ಸರಿಯಾಗಲಿ ಎಂದು ಕಾಯದೆ, ಸರಿಯಾದ ದಿಕ್ಕಿನ ಸಣ್ಣ ಹೆಜ್ಜೆಗೂ ಬೆಲೆ ಕೊಡುವ ಈ ದಾರಿ ಅವರ ಬದುಕಿನ ದೊಡ್ಡ ಬೆಳಕಾಯಿತು.

1948ರಲ್ಲಿ ಹಾರ್ವರ್ಡ್‌ಗೆ ಮರಳಿದ ಮೇಲೆ ಅವರು ಈ ವಿದ್ಯೆಯನ್ನು ಮನೆಮಂದಿಗೆ ತಲುಪಿಸಿದರು. 1951ರ ಡಿಸೆಂಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವುದು ಹೇಗೆಂದು ಲೇಖನ ಬರೆದರು. ಆಗ ನಾಯಿ ಪಳಗಿಸುವುದೆಂದರೆ ಹಗ್ಗ ಜಗ್ಗುವುದು, ಕೊರಳಪಟ್ಟಿ ಬಿಗಿಯುವುದು, ಗದರುವುದು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಪೊಲೀಸ್ ನಾಯಿಗಳಿಗೆಂದು ಬರೆದ ಕೈಪಿಡಿಯ ಪ್ರಭಾವ ದಟ್ಟವಾಗಿತ್ತು. ಅದರಲ್ಲಿ ಬಲಪ್ರಯೋಗಕ್ಕೆ ದೊಡ್ಡ ಪಾಲಿತ್ತು. ಸ್ಕಿನ್ನರ್ ಕೇಳಿದ್ದು ಒತ್ತಿದರೆ ಟಿಕ್ ಎನ್ನುವ ಒಂದು ಮಕ್ಕಳ ಆಟಿಕೆ ಮತ್ತು ಸಣ್ಣ ಸಣ್ಣ ತಿಂಡಿ ಚೂರು.

ಆಟಿಕೆ ಏಕೆ? ಬಹುಮಾನ ತಕ್ಷಣ ಸಿಗಬೇಕು. ನಾಯಿ ಕೂತ ಕ್ಷಣದಲ್ಲಿ ನಾವು ಡಬ್ಬಿ ತೆಗೆಯಲು ಹೋದರೆ, ತಿಂಡಿ ಕೈಗೆ ಬರುವಷ್ಟರಲ್ಲಿ ನಾಯಿ ಎದ್ದಿರುತ್ತದೆ. ಆಗ ಬಹುಮಾನ ಸಿಕ್ಕಿದ್ದು ಎದ್ದದ್ದಕ್ಕೆ. ಮೊದಲು ಟಿಕ್ ಎಂದ ಕೂಡಲೇ ತಿಂಡಿ ಕೊಡುತ್ತಾ ಹೋದರೆ, ಆ ಸದ್ದೇ ತಿಂಡಿಯ ಭರವಸೆಯಾಗುತ್ತದೆ. ಆಮೇಲೆ ದೂರದಲ್ಲಿದ್ದರೂ ಸರಿಯಾದ ಕ್ಷಣವನ್ನು ಸದ್ದಿನಿಂದ ಗುರುತು ಮಾಡಬಹುದು. ಕೆಳಗಿನ ಕಪಾಟಿನ ಹಿಡಿಯನ್ನು ನಾಯಿ ಮೂಗಿನಿಂದ ಮುಟ್ಟಬೇಕೆಂದರೆ, ಮೊದಲು ಅತ್ತ ತಿರುಗಿದ್ದಕ್ಕೆ, ನಂತರ ಒಂದು ಹೆಜ್ಜೆ ಇಟ್ಟಿದ್ದಕ್ಕೆ, ನಂತರ ಹತ್ತಿರ ಹೋದದ್ದಕ್ಕೆ ಟಿಕ್.

ಲುಕ್ ಎಂಬ ಅಮೆರಿಕದ ಪತ್ರಿಕೆ ಇದನ್ನು ಪರೀಕ್ಷಿಸಲು 1952ರಲ್ಲಿ ಆಗ್ನೆಸ್ ಎಂಬ ಡಾಲ್ಮೇಷಿಯನ್ ನಾಯಿಯನ್ನು ಅವರ ಮುಂದೆ ನಿಲ್ಲಿಸಿತು. ಸ್ಕಿನ್ನರ್ ಗೋಡೆಯ ಮೇಲೆ ಅಡ್ಡಗೆರೆ ಎಳೆಸಿದರು. ಛಾಯಾಗ್ರಾಹಕನ ಫ್ಲ್ಯಾಷ್ ಬೆಳಕನ್ನೇ ಟಿಕ್ ಸದ್ದಿನ ಬದಲು ಬಳಸಿದರು. ನಾಯಿಯ ತಲೆ ಒಂದು ಗೆರೆ ಮುಟ್ಟಿದರೆ ಬೆಳಕು, ತಿಂಡಿ. ನಂತರ ಅದಕ್ಕಿಂತ ಮೇಲಿನ ಗೆರೆ. ಸುಮಾರು 20 ನಿಮಿಷದಲ್ಲಿ ಆಗ್ನೆಸ್ ಗೋಡೆಗೆ ಹಾರುತ್ತಿತ್ತು.

ಅದೇ ಲೇಖನದ ಕೊನೆಯಲ್ಲಿ ಸ್ಕಿನ್ನರ್ ನಾಯಿಯಿಂದ ಮಗುವಿನ ಕಡೆ ತಿರುಗುತ್ತಾರೆ. ಕೆಲಸದಲ್ಲಿ ಮುಳುಗಿದ ತಾಯಿ ಮಗು ಮೆಲ್ಲಗೆ ಕರೆದಾಗ ಓಗೊಡುವುದಿಲ್ಲ, ಕಿರುಚಿದಾಗ ಓಗೊಡುತ್ತಾಳೆ. ಹಾಗೆ ತನಗೇ ತಿಳಿಯದೆ ಕಿರುಚುವುದನ್ನು ಕಲಿಸುತ್ತಾಳೆ ಎಂಬುದು ಅವರ ವಿವರಣೆ. ಇದನ್ನು ಓದಿ ಪೆಚ್ಚಾದೆ. ಕೆಂಚ ಸುಮ್ಮನೆ ಮಲಗಿದ್ದಾಗ ನಾನು ಅವನತ್ತ ನೋಡಿದ್ದೇ ಇಲ್ಲ. ಚಪ್ಪಲಿ ಕಚ್ಚಿದಾಗ ಮಾತ್ರ ಪುಸ್ತಕ ಬಿಟ್ಟು ಎದ್ದು ಓಡಿಸಿಕೊಂಡು ಹೋಗುತ್ತಿದ್ದೆ. ಮರಿಗೆ ಅದೂ ಒಂದು ಆಟವೇ ಆಗಿತ್ತು.

ಮಾರನೆಯ ದಿನದಿಂದ ನಾನು ಪದ್ಧತಿ ಬದಲಿಸಿದೆ. ನನ್ನ ಬಳಿ ಆಟಿಕೆ ಇರಲಿಲ್ಲ, ನಾಲಿಗೆಯಿಂದ ಟಕ್ ಎನ್ನಿಸಿದೆ. ಚಪಾತಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿಕೊಂಡು ಮಂಚದಿಂದ ಸ್ವಲ್ಪ ದೂರ ನೆಲದ ಮೇಲೆ ಕೂತೆ. ಅವನತ್ತ ದಿಟ್ಟಿಸಲಿಲ್ಲ, ಕರೆಯಲಿಲ್ಲ. ಟಕ್ ಎಂದು ಒಂದು ಚೂರನ್ನು ಮಂಚದಡಿಗೆ ಉರುಳಿಸಿದೆ. ಮತ್ತೆ ಟಕ್, ಮತ್ತೊಂದು. ಮೂರನೇ ದಿನ ಮೂಗು ಹೊರಬಂತು. ಐದನೇ ದಿನ ಮುಂಗಾಲು. ಎಂಟನೇ ದಿನ ಪೂರ್ತಿ ಹೊರಬಂದು ನನ್ನ ಮೊಣಕಾಲು ಮೂಸಿದ. ಕೈ ಚಾಚಿದೆ, ತಟ್ಟನೆ ಒಳಗೆ ಹೋದ. ಅವಸರ ನನ್ನದು. ಮತ್ತೆ ಮೂಗಿನಿಂದ ಶುರು.

ಉಚ್ಚೆಯ ಸಮಸ್ಯೆಗೆ ಪೆಟ್ಟು ಬೇಕಿರಲಿಲ್ಲ, ಗಡಿಯಾರ ಬೇಕಿತ್ತು. ಇಷ್ಟು ಚಿಕ್ಕ ಮರಿಗೆ ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ಮಾಡಿದ ತಕ್ಷಣ, ಅಲ್ಲೇ ನಿಂತು ಟಕ್, ಚೂರು. ಒಳಗೆ ಮಾಡಿದರೆ ಸುಮ್ಮನೆ ಒರೆಸಿದೆ. ಕೈ ಕಚ್ಚಿದರೆ ಆಟ ನಿಲ್ಲಿಸಿ ಅರ್ಧ ನಿಮಿಷ ತಿರುಗಿ ಕೂತೆ, ಬದಲಿಗೆ ಕಚ್ಚಲು ಹಳೆ ಬಟ್ಟೆಯ ಗಂಟು ಕೊಟ್ಟೆ. ಚಪ್ಪಲಿಗಳು ಕಪಾಟಿನ ಮೇಲೆ ಹೋದವು. ಗೂಟ ಮತ್ತು ಫಲಕದ ಉಪಾಯ ನೆನಪಿದೆಯಲ್ಲ, ಇದೂ ಅದೇ ಜಾತಿಯದು. ಚೂರುಗಳನ್ನು ಅವನ ದಿನದ ಊಟದಲ್ಲೇ ಲೆಕ್ಕ ಹಿಡಿದೆ.

ಸ್ಕಿನ್ನರ್ ಹೇಳಿದ್ದೆಲ್ಲ ವೇದವಾಕ್ಯ ಎಂದು ನಾನು ಹೇಳುತ್ತಿಲ್ಲ. ಅವರ ಪ್ರಯೋಗಾಲಯದ ಪಾರಿವಾಳಗಳನ್ನು ಸಹಜ ತೂಕಕ್ಕಿಂತ ಕಡಿಮೆ ತೂಕದಲ್ಲಿ, ಹಸಿವಿನಲ್ಲಿ ಇಡಲಾಗುತ್ತಿತ್ತು. ಆ ಪಾಠವನ್ನು ನಾನು ಮನೆಗೆ ತರಲಿಲ್ಲ. ಮನುಷ್ಯನ ಸ್ವಾತಂತ್ರ್ಯವನ್ನೇ ಪ್ರಶ್ನಿಸಿದ ಅವರ 1971ರ ಪುಸ್ತಕ ಭಾರಿ ಟೀಕೆಗೆ ಗುರಿಯಾಯಿತು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿಯೇ, ಸಾವಿರಾರು ಪ್ರಾಣಿಗಳಿಗೆ ತರಬೇತಿ ಕೊಟ್ಟ ಮೇಲೆ, 1961ರಲ್ಲಿ ಒಂದು ಮಿತಿ ತೋರಿಸಿದರು. ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ಹಂದಿ ದಿನ ಕಳೆದಂತೆ ಅದನ್ನು ಮೂತಿಯಿಂದ ನೆಲಕ್ಕೆ ಕೆದಕತೊಡಗುತ್ತದೆ. ಹುಟ್ಟುಗುಣ ಎಂಬುದೊಂದು ಇದೆ, ಬಹುಮಾನ ಅದನ್ನು ಅಳಿಸುವುದಿಲ್ಲ. ಮರಿ ಮೂಸುವುದು, ಅಗಿಯುವುದು, ಕೆದಕುವುದು ಅದರ ಸ್ವಭಾವ. ಅದಕ್ಕೆ ಜಾಗ ಕೊಡಬೇಕು, ಬರೀ ತಡೆದರೆ ಆಗದು.

ನಾಯಿ ಪಳಗಿಸುವವರು ಸ್ಕಿನ್ನರ್ ಮಾತಿಗೆ ಕೂಡಲೇ ಕಿವಿಗೊಡಲಿಲ್ಲ. ಈ ವಿದ್ಯೆ ಡಾಲ್ಫಿನ್‌ಗಳ ಮೂಲಕ ಸುತ್ತಿ ಬರಬೇಕಾಯಿತು. ನೀರಿನಲ್ಲಿ ಈಜುವ ಪ್ರಾಣಿಗೆ ಕೊರಳಪಟ್ಟಿ ಹಾಕಿ ಜಗ್ಗಲಾಗುವುದಿಲ್ಲವಲ್ಲ! 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿ ಮತ್ತು ಮೀನಿನಿಂದ ಕಲಿಸಿದ ಕರೆನ್ ಪ್ರಯರ್ 1984ರಲ್ಲಿ ಅದನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಪುಸ್ತಕ ಬರೆದರು. 1990ರ ದಶಕದಲ್ಲಿ ಕ್ಲಿಕ್ಕರ್ ನಾಯಿ ತರಬೇತುದಾರರ ಕೈಗೆ ಬಂತು. 2021ರಲ್ಲಿ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ತರಬೇತಿಯನ್ನೇ ಶಿಫಾರಸು ಮಾಡಿತು.

ಶಿಕ್ಷಕನಾಗಬೇಕೆಂದಿರುವ ನನಗೆ ಅವರ ಬದುಕಿನ ಇನ್ನೊಂದು ದಿನ ಮುಖ್ಯ. 1953ರ ನವೆಂಬರ್ 11ರಂದು ಅವರು ಕಿರಿಯ ಮಗಳು ಡೆಬೊರಾ ಓದುತ್ತಿದ್ದ ಶಾಲೆಗೆ ಹೋಗಿ ಗಣಿತದ ತರಗತಿಯಲ್ಲಿ ಹಿಂದೆ ಕೂತರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಸರಿಯೋ ತಪ್ಪೋ ತಿಳಿಯಲು ಕಾಯಬೇಕಿತ್ತು. ಬೇಗ ಮುಗಿಸಿದವರು ಸುಮ್ಮನೆ ಕೂರಬೇಕಿತ್ತು, ನಿಧಾನದವರು ಒದ್ದಾಡಬೇಕಿತ್ತು. ಪಾರಿವಾಳಕ್ಕೆ ಸಿಗುವ ಅನುಕೂಲ ತನ್ನ ಮಗಳಿಗೆ ಸಿಗುತ್ತಿಲ್ಲ ಎಂದು ಅವರಿಗನ್ನಿಸಿತು. ಸಣ್ಣ ಸಣ್ಣ ಹೆಜ್ಜೆಯಲ್ಲಿ, ತಕ್ಷಣ ಉತ್ತರ ತಿಳಿಯುವಂತೆ, ಅವರವರ ವೇಗದಲ್ಲಿ ಕಲಿಯುವ ಬೋಧನಾ ಯಂತ್ರ ಕಟ್ಟಲು ತೊಡಗಿದರು.

1989ರಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. 1990ರ ಆಗಸ್ಟ್ 10ರಂದು ಬಾಸ್ಟನ್‌ನಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಭೆಯಲ್ಲಿ ಭಾಷಣ ಮಾಡಿದರು. ಎಂಟು ದಿನಗಳ ನಂತರ, ಆಗಸ್ಟ್ 18ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಹಿಂದಿನ ದಿನದವರೆಗೂ ಒಂದು ಲೇಖನ ತಿದ್ದುತ್ತಿದ್ದರಂತೆ. ಬರೆಯಲು ಏನೂ ಇಲ್ಲವೆಂದು ಅಟ್ಟದಲ್ಲಿ ಕೂತಿದ್ದ ಹುಡುಗ ಕೊನೆಯವರೆಗೂ ಬರೆಯುತ್ತಲೇ ಇದ್ದ.

ಕೆಂಚನಿಗೆ ಈಗ ಏಳು ತಿಂಗಳು. ಹಿತ್ತಲ ಬಾಗಿಲಿಗೆ ಹೋಗಿ ನಿಂತು ನನ್ನತ್ತ ನೋಡುತ್ತಾನೆ, ನಾನು ಎದ್ದು ಬಾಗಿಲು ತೆಗೆಯುತ್ತೇನೆ. ಅವನು ನನಗೆ ಅಷ್ಟು ಕಲಿಸಿದ್ದಾನೆ. ನನ್ನ ಓದಿಗೂ ಈಗ ಸಣ್ಣ ಹೆಜ್ಜೆಗಳಿವೆ. ಒಂದು ಪಾಠ, ಹತ್ತು ಪ್ರಶ್ನೆ, ಆಗಿಂದಾಗಲೇ ಉತ್ತರ ನೋಡುವುದು, ಆಮೇಲೆ ಒಂದು ಲೋಟ ಚಹಾ.

ಪೇಪರಿನ ಭಯ ಮಾತ್ರ ತುಂಬ ದಿನ ಉಳಿಯಿತು. ಎರಡು ವಾರದಲ್ಲಿ ನಾನು ಹುಟ್ಟಿಸಿದ್ದನ್ನು ಕಳೆಯಲು ಎರಡು ತಿಂಗಳು ಹಿಡಿಯಿತು. ಮೊದಲು ಪೇಪರನ್ನು ನೆಲದ ಮೇಲೆ ದೂರದಲ್ಲಿ ಹರಡಿಟ್ಟೆ, ಅದರ ಅಂಚಿಗೆ ಒಂದು ಚೂರು ಚಪಾತಿ ಇಟ್ಟೆ. ದಿನಕ್ಕಿಷ್ಟು ಹತ್ತಿರ. ಈಗಲೂ ಪೇಪರ್ ಸುತ್ತಿ ಹಿಡಿದರೆ ಅವನ ಕಿವಿ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ನಾನು ಸುತ್ತುವುದಿಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಅಗಲವಾಗಿ ಬಿಡಿಸಿಕೊಂಡು ಓದಲು ಕೂರುತ್ತೇನೆ. ಕೆಂಚ ಬಂದು ಉದ್ಯೋಗ ಪುಟದ ಮೇಲೆ ಮಲಗುತ್ತಾನೆ.